ಕೈವಿದ್ಯೆಯ ಬೆಲೆ

ವಿದ್ಯೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಪುಸ್ತಕ, ಪರೀಕ್ಷೆ, ಪದವಿ. ಹೊಸಪೇಟೆಯ ಸುತ್ತಲಿನ ನಾಡಿನ ಚರಿತ್ರೆಯನ್ನು ಓದುವಾಗ ಮಾತ್ರ ನನಗೆ ಬೇರೊಂದು ಬಗೆಯ ವಿದ್ಯಾವಂತರ ನೆನಪಾಗುತ್ತದೆ. ಈ ನೆಲಕ್ಕೆ ನೀರು ತಂದವರಲ್ಲಿ ಬಹುಮಂದಿ ತಮ್ಮ ಕಸುಬನ್ನು ಹಿರಿಯರ ಕೈ ನೋಡಿ ಕಲಿತವರು.

ಕೃಷ್ಣದೇವರಾಯನು ನಾಗಲಾಪುರದ, ಅಂದರೆ ಇಂದಿನ ಹೊಸಪೇಟೆಯ, ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದನು. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರೆಂದು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿದ್ದಾನೆ. ಆ ಕೆಲಸಕ್ಕೆ ರಾಯನು ಪೋರ್ಚುಗೀಸ್ ಕಲ್ಲುಕುಟಿಗನೊಬ್ಬನ ನೆರವು ಪಡೆದನೆಂದು ನೂನಿಜ್ ಹೇಳುತ್ತಾನೆ. ಕಲ್ಲಿನ ಗುಣ ಬಲ್ಲ ಕೈಗೆ ಅರಮನೆಯಲ್ಲಿ ಅಷ್ಟು ಮನ್ನಣೆಯಿತ್ತು. ವಿಜಯನಗರ ಕಾಲದ ತುರ್ತಾ ಕಾಲುವೆ ಹಂಪಿಯ ಬಾಳೆತೋಟಗಳಿಗೆ, ಕಂಪ್ಲಿ ಕಾಲುವೆ ಕಂಪ್ಲಿಯ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತಿವೆ.

ಈ ಪರಂಪರೆ ಅಲ್ಲಿಗೇ ಮುಗಿಯಲಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹಿಡಿದ ತುಂಗಭದ್ರಾ ಅಣೆಕಟ್ಟು ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟಡ. ಅದರ ನೆತ್ತಿಯ ಮೇಲೆ ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ 33 ಗೇಟುಗಳಿವೆ. ಇಂಥ ಗೇಟುಗಳನ್ನು ತಯಾರಿಸಲೆಂದೇ 1960ರಲ್ಲಿ ಅಲ್ಲಿಯೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ ಸ್ಥಾಪಿತವಾಯಿತು. ಫಿಟ್ಟರು, ವೆಲ್ಡರುಗಳಿಗೆ ತಿಂಗಳ ಸಂಬಳವನ್ನೂ ಭವಿಷ್ಯನಿಧಿಯನ್ನೂ ಕೊಟ್ಟ ಸರ್ಕಾರಿ ಉದ್ದಿಮೆ ಅದು. ಪದವಿಯಿಲ್ಲದವನೂ ಮರ್ಯಾದೆಯ ಸಂಸಾರ ಹೂಡಲು ಅಂಥ ಕೆಲಸ ಸಾಕಾಗಿತ್ತು. ಆದರೆ ಕಾರ್ಖಾನೆ ನಷ್ಟಕ್ಕೆ ಬಿದ್ದಿತು. 2015ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ಒಪ್ಪಿತು.

ಮುಚ್ಚಿದ್ದರಿಂದ ನಾವು ಕಳೆದುಕೊಂಡದ್ದೇನು ಎಂಬುದು 2024ರ ಆಗಸ್ಟ್ 10ರ ರಾತ್ರಿ ತಿಳಿಯಿತು. ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಬರಿದಾಗತೊಡಗಿತು. ಎಡಬಲ ದಂಡೆಗಳ ರೈತರು ಬೆಳೆಯ ಆಸೆ ಬಿಡುವಂತಾಯಿತು. ಆಗ ಕರೆ ಹೋದದ್ದು ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೆ. ಅವರ ಮಾರ್ಗದರ್ಶನದಲ್ಲಿ ಈ ಸೀಮೆಯ ಕಾರ್ಖಾನೆಗಳ ಕೆಲಸಗಾರರು ಹಗಲಿರುಳು ಉಕ್ಕಿನ ತಡೆಹಲಗೆಗಳನ್ನು ಬೆಸೆದರು. ಹರಿಯುವ ನೀರಿನಲ್ಲಿಯೇ ಅವುಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿದರು. ಲಕ್ಷಾಂತರ ಎಕರೆಯ ಬೆಳೆ ಉಳಿಯಿತು. ಲೆಕ್ಕ ಹಾಕುವ ಎಂಜಿನಿಯರು ಬೇಕು, ನಿಜ. ಆ ಲೆಕ್ಕವನ್ನು ಉಕ್ಕಿನಲ್ಲಿ ಬರೆಯುವ ಕೈಯೂ ಬೇಕು.

ಕೈವಿದ್ಯೆಗೆಲ್ಲ ತಕ್ಕ ಫಲ ದೊರೆಯುತ್ತಿದೆಯೆಂದು ನಾನು ಹೇಳಲಾರೆ. ಸಂಡೂರಿನ ಲಂಬಾಣಿ ಹೆಂಗಳೆಯರ ಕಸೂತಿಯನ್ನೇ ನೋಡಿ. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಆ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅಷ್ಟು ಕೀರ್ತಿ ಬಂದ ಮೇಲೂ, ಒಂದು ರವಿಕೆಗೆ ವಾರಗಟ್ಟಲೆ ಸೂಜಿ ಹಿಡಿದವಳ ದಿನಗೂಲಿ ಎಷ್ಟೆಂದು ಕೊಳ್ಳುವವರು ಕೇಳುವುದಿಲ್ಲ. ಕಸುಬಿನ ಬೆಲೆಯನ್ನು ಅದರ ಕಷ್ಟಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಅದರ ಹಿಂದೆ ನಿಂತ ಸಂಸ್ಥೆಯ ಬಲ.

ಇಂದು ಹತ್ತನೆಯ ತರಗತಿ ಮುಗಿಸಿದ ಹುಡುಗ ಐ.ಟಿ.ಐ.ಯಲ್ಲಿ ಎರಡು ವರ್ಷಕ್ಕೆ ಫಿಟ್ಟರನಾಗಬಹುದು, ಒಂದೇ ವರ್ಷಕ್ಕೆ ವೆಲ್ಡರನಾಗಬಹುದು. ಗೇಟಿನ ಬಳಿ ನಿಲ್ಲುವ ಧೈರ್ಯ ಮಾತ್ರ ಅಷ್ಟರಲ್ಲಿ ಬಾರದು; ಅದಕ್ಕೆ ಪಳಗಿದ ಹಿರಿಯನೊಬ್ಬನ ಪಕ್ಕದಲ್ಲಿ ವರ್ಷಗಳ ದುಡಿಮೆ ಬೇಕು. ಅಂಥ ಹಿರಿಯರು ಇರುವಾಗಲೇ ಕಿರಿಯರಿಗೆ ಅವರ ಬಳಿ ಕಲಿಯುವ ಜಾಗ, ಕಲಿಯುವಾಗಲೂ ಹೊಟ್ಟೆ ತುಂಬುವ ಕೂಲಿ, ಕಲಿತ ಮೇಲೆ ನಿಲ್ಲುವ ನೌಕರಿ ದೊರೆಯಬೇಕು. ಮುಂದಿನ ಸರಪಳಿ ಯಾವ ರಾತ್ರಿ ತುಂಡಾಗುವುದೆಂದು ಯಾರೂ ಹೇಳಲಾರರು.