ಬೆದರಿಸಲು ಹಂಚಿದ ಭಾವಚಿತ್ರ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಹಳೆಯ ಛಾಯಾಚಿತ್ರವಿದೆ. ಒಂದೇ ಹಾಳೆಯಲ್ಲಿ ಸಾಲುಸಾಲಾಗಿ ಜೋಡಿಸಿದ ಅರುವತ್ತಕ್ಕೂ ಹೆಚ್ಚು ಪುಟ್ಟ ಭಾವಚಿತ್ರಗಳು. ಕೋಟು ತೊಟ್ಟು ಗಂಭೀರವಾಗಿ ನೋಡುತ್ತಿರುವ ಇವರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು. ಸೌತ್ ಕೆರೊಲಿನಾ ರಾಜ್ಯದಲ್ಲಿ 1868ರ ಸಂವಿಧಾನದಂತೆ ಆರಿಸಿ ಬಂದ ಮೊದಲ ಶಾಸಕರು ಇವರು.

ಅಂತರ್ಯುದ್ಧ ಮುಗಿದ 1865ರವರೆಗೂ ಆ ರಾಜ್ಯದಲ್ಲಿ ಮನುಷ್ಯರನ್ನು ಕೊಂಡು ಮಾರಲಾಗುತ್ತಿತ್ತು. ಗುಲಾಮರಿಗೆ ಅಕ್ಷರ ಕಲಿಸುವುದನ್ನು 1834ರ ಕಾನೂನು ಅಪರಾಧವೆಂದಿತ್ತು. ಅಂಥ ನೆಲದಲ್ಲಿ 1868ರ ಜನವರಿಯಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಸಂವಿಧಾನ ಸಭೆ ಸೇರಿತು. ಅದರ 124 ಸದಸ್ಯರಲ್ಲಿ 70ಕ್ಕೂ ಹೆಚ್ಚು ಮಂದಿ ಕಪ್ಪು ವರ್ಣೀಯರು. 1862ರಲ್ಲಿ ಶತ್ರುಪಡೆಯ ಹಡಗನ್ನೇ ನಡೆಸಿಕೊಂಡು ಹೋಗಿ ಕುಟುಂಬದೊಂದಿಗೆ ಬಿಡುಗಡೆ ಪಡೆದಿದ್ದ ರಾಬರ್ಟ್ ಸ್ಮಾಲ್ಸ್ ಅವರಲ್ಲೊಬ್ಬರು.

ಅಧಿಕಾರ ಸಿಕ್ಕಾಗ ಅವರು ಬರೆದುದೇನು? ಸೇಡಿನ ಕಾನೂನನ್ನಲ್ಲ. ವರ್ಣಭೇದವಿಲ್ಲದೆ ಎಲ್ಲ ವಯಸ್ಕ ಪುರುಷರಿಗೆ ಮತದಾನದ ಹಕ್ಕು, ಎಲ್ಲ ಮಕ್ಕಳಿಗೂ ತೆರೆದ ಸರಕಾರಿ ಶಾಲೆ, ಸಾಲಕ್ಕಾಗಿ ಜೈಲಿಗೆ ಹಾಕುವ ಪದ್ಧತಿಗೆ ತಡೆ, ವಿವಾಹಿತ ಮಹಿಳೆಯ ಆಸ್ತಿಗೆ ರಕ್ಷಣೆ. ಇದರ ಪ್ರಯೋಜನ ಬಡ ಬಿಳಿಯರಿಗೂ ಇತ್ತು.

ಆದರೆ ವಿರೋಧಿಗಳು ಆ ಭಾವಚಿತ್ರಗಳನ್ನು ಹಂಚಿದ್ದು ಅಭಿಮಾನದಿಂದಲ್ಲ. 'ನಿಮ್ಮನ್ನು ಆಳುವವರು ಯಾರೆಂದು ನೋಡಿ' ಎಂದು ಬಿಳಿಯರನ್ನು ಕೆರಳಿಸಲು. 1915ರಲ್ಲಿ 'ದಿ ಬರ್ತ್ ಆಫ್ ಎ ನೇಶನ್' ಎಂಬ ಸಿನೆಮಾ ಅದೇ ಶಾಸನಸಭೆಯನ್ನು ಕುಡುಕರ, ಒರಟರ ಕೂಟವೆಂಬಂತೆ ತೋರಿಸಿತು. ಚಿತ್ರದಲ್ಲಿರುವವರ ಮುಖ ಬದಲಾಗಿರಲಿಲ್ಲ. ನೋಡುವವರ ಕಿವಿಯಲ್ಲಿ ಮೊದಲೇ ಮಾತೊಂದನ್ನು ಊದಲಾಗಿತ್ತು, ಅಷ್ಟೆ. ಒಂದು ಸಮುದಾಯವನ್ನು ತೋರಿಸಿ ಇನ್ನೊಂದನ್ನು ಹೆದರಿಸುವ ಈ ತಂತ್ರ ನಮಗೇನೂ ಅಪರಿಚಿತವಲ್ಲ.

ಹೆದರಿಕೆಗೆ ಫಲ ಸಿಕ್ಕಿತು. 1895ರಲ್ಲಿ ಹೊಸ ಸಂವಿಧಾನ ಬರೆಯಲು 160 ಮಂದಿ ಸೇರಿದಾಗ ಕಪ್ಪು ವರ್ಣೀಯರು ಆರೇ ಮಂದಿ. ಅವರಲ್ಲೂ ಸ್ಮಾಲ್ಸ್ ಇದ್ದರು, ಎದ್ದು ನಿಂತು ವಿರೋಧಿಸಿದರು, ಸೋತರು. ಓದು-ಬರಹ ಮತ್ತು ಆಸ್ತಿಯ ಷರತ್ತುಗಳ ಮೂಲಕ ಕಪ್ಪು ವರ್ಣೀಯರ ಮತವನ್ನು ಕಸಿದುಕೊಳ್ಳಲಾಯಿತು. ಅದು ಪೂರ್ಣವಾಗಿ ಮರಳಲು 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು.

ಅಕ್ಷರ ಕಲಿಯಲು ಬಿಡದವರೇ ಮುಂದೆ ಅಕ್ಷರ ಬಾರದೆಂದು ಮತ ಕಿತ್ತುಕೊಂಡರು. ಅಕ್ಷರ ವಂಚಿತರಾಗಿದ್ದವರಾದರೋ ಅಧಿಕಾರ ಕೈಗೆ ಬಂದೊಡನೆ ಎಲ್ಲರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದಿದ್ದರು. ಆ ಹಾಳೆಯ ಮುಖಗಳನ್ನು ನಾವು ನೋಡಬೇಕಾದುದು ಈ ನೆನಪಿನೊಂದಿಗೆ.