ಬಾನುಲಿಯ ನಿಧಾನ ಪಲ್ಲಟ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ ತೆಂಗು, ರಾಗಿಯ ಸೀಮೆ. ಬೆಂಗಳೂರು ಇಲ್ಲಿಂದ ಸುಮಾರು 150 ಕಿಲೊಮೀಟರ್ ದೂರ. ಜಿಲ್ಲಾ ಕೇಂದ್ರ ಹಾಸನ ಅದಕ್ಕಿಂತ ಬಹಳ ಹತ್ತಿರ. ಈ ಕಡೆಯ ಮನೆಯೊಂದರ ಗೂಡಿನಲ್ಲಿ ಇನ್ನೂ ಎರಡು ಬ್ಯಾಂಡಿನ ಹಳೆಯ ಟ್ರಾನ್ಸಿಸ್ಟರ್ ಉಳಿದಿದ್ದರೆ, ಅದರ ಮುಳ್ಳು 612 ಕಿಲೊಹರ್ಟ್ಸ್ ಬಳಿಯೇ ನಿಂತಿರುವ ಸಂಭವ ಹೆಚ್ಚು. ಅದು ಬೆಂಗಳೂರು ಆಕಾಶವಾಣಿಯ ಜಾಗ. ಬೆಳಗಿನ ಸಂಸ್ಕೃತ ವಾರ್ತೆ, ಪ್ರದೇಶ ಸಮಾಚಾರ, ಕೃಷಿರಂಗ ಎಲ್ಲವೂ ದಶಕಗಳ ಕಾಲ ಹಳ್ಳಿಗಳಿಗೆ ಬಂದದ್ದು ಈ ಅಲೆಯ ಮೇಲೆ.

ಆ ಅಲೆಯ ಪಕ್ಕದಲ್ಲೇ ಕೆಲವು ವರ್ಷಗಳ ಹಿಂದೆ ಇನ್ನೊಂದು ಅಲೆ ಸೇರಿಕೊಂಡಿತು. ಅದರಲ್ಲಿ ಹರಿದದ್ದೂ ಆಕಾಶವಾಣಿಯ ಕಾರ್ಯಕ್ರಮಗಳೇ. ಆದರೆ ಹಳೆಯ ಟ್ರಾನ್ಸಿಸ್ಟರಿಗೆ ಅದು ಬರಿಯ ಮೊರೆತ. ಅದು ಡಿಜಿಟಲ್ ಅಲೆ. ಬಂದು ಇಷ್ಟು ಕಾಲವಾದರೂ ಹಳ್ಳಿಯವರಿಗೆ ಅದು ಬಂದದ್ದೇ ಏಕೆ ತಿಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದು ಸರ್ಕಾರಿ ಕಚೇರಿಯಲ್ಲಲ್ಲ, ಒಬ್ಬ ಮೇಷ್ಟ್ರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ 'ವಿಠಲ ವಿಹಾರ'ದಿಂದ 30 ವಾಟ್ ಶಕ್ತಿಯ ಪುಟ್ಟ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಈಗಿನ ಒಂದು ಮಿಣುಕು ಬಲ್ಬು ಹೊತ್ತಿಸುವಷ್ಟು ಶಕ್ತಿ ಅದು. ಆ ಕೇಂದ್ರಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 2023ರಲ್ಲಂತೂ 'ಆಲ್ ಇಂಡಿಯಾ ರೇಡಿಯೊ' ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂದಷ್ಟೇ ಬಳಸಬೇಕೆಂದು ಆದೇಶವಾಯಿತು. ಮೈಸೂರು ಕೇಂದ್ರ 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಗಿ, 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ತಲೆಯೆತ್ತಿತು. ಉತ್ತರದ ಧಾರವಾಡದಲ್ಲಿ 1950ರಲ್ಲೇ ಕೇಂದ್ರ ಬಂದಿತ್ತು.

ಆ ಕಾಲದ ರೇಡಿಯೊ ಎಂದರೆ ವಾಲ್ವ್ ಸೆಟ್ಟು. ಮುಚ್ಚಳದ ಹಿಂದೆ ಕೆಂಪಗೆ ಕಾಯುವ ಗಾಜಿನ ಬುರುಡೆಗಳು, ಗೋಡೆಯಿಂದ ಗೋಡೆಗೆ ಕಟ್ಟಿದ ತಾಮ್ರದ ಜಾಲರಿಯ ಏರಿಯಲ್ಲು, ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ನವೀಕರಿಸಬೇಕಾದ ಲೈಸೆನ್ಸ್ ಪುಸ್ತಕ. ಕರೆಂಟಿಲ್ಲದ ಊರಿನಲ್ಲಿ ಬ್ಯಾಟರಿ ಹೊರುವ ಕೆಲಸವೂ ಸೇರುತ್ತಿತ್ತು. ಹೀಗಾಗಿ ಹಳ್ಳಿಗಳಲ್ಲಿ ರೇಡಿಯೊ ಎಂಬುದು ಬಹುಮಟ್ಟಿಗೆ ಪಂಚಾಯಿತಿಯ ಸ್ವತ್ತು. ಸಂಜೆ ಜನ ಅದರ ಮುಂದೆ ಕುಳಿತು ಕೇಳುತ್ತಿದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆ ಈ ಚಿತ್ರ ಬದಲಾಯಿತು. ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಮದುವೆಯ ಉಡುಗೊರೆಗಳಾದವು. ನಾಲ್ಕು ಸೆಲ್ಲು ಹಾಕಿದರೆ ಹೊಲದ ಬದುವಿನ ಮೇಲೂ ಹಾಡು. 1980ರ ದಶಕದಲ್ಲಿ ಲೈಸೆನ್ಸೂ ರದ್ದಾಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಾಲ್ವಿನಿಂದ ಟ್ರಾನ್ಸಿಸ್ಟರಿಗೆ ಹೋದಾಗ ಬದಲಾದದ್ದು ಪೆಟ್ಟಿಗೆ ಮಾತ್ರ, ಅಲೆಯಲ್ಲ. ಹಳೆಯ ವಾಲ್ವ್ ಸೆಟ್ಟಿಟ್ಟುಕೊಂಡವರಿಗೆ ಏನೂ ನಷ್ಟವಾಗಲಿಲ್ಲ. ಅಲೆಯೇ ಬದಲಾದ ಮೊದಲ ಅನುಭವ ಹಾಸನ ಜಿಲ್ಲೆಗೆ ಆದದ್ದು 1990ರ ದಶಕದಲ್ಲಿ, ಹಾಸನಕ್ಕೆ ತನ್ನದೇ ಆಕಾಶವಾಣಿ ಕೇಂದ್ರ ಬಂದಾಗ. ಅದು ಎಫ್.ಎಂ. ಕೇಂದ್ರ. ದೇಶದಲ್ಲಿ ಎಫ್.ಎಂ. ಮೊದಲು ಕೇಳಿಸಿದ್ದು 1977ರಲ್ಲಿ ಮದ್ರಾಸಿನಲ್ಲಿ. ಮೀಡಿಯಂ ವೇವ್, ಶಾರ್ಟ್ ವೇವ್ ಎಂದು ಎರಡೇ ಬ್ಯಾಂಡ್ ಇದ್ದ ಮನೆಯ ಟ್ರಾನ್ಸಿಸ್ಟರಿಗೆ ಅದು ಸಿಗುವಂತಿರಲಿಲ್ಲ. ತಮ್ಮದೇ ಜಿಲ್ಲೆಯ ದನಿ ಕೇಳಲು ಜನ ಹೊಸ ಸೆಟ್ಟು ಕೊಳ್ಳಬೇಕಾಯಿತು.

ಕೊಂಡರು. ಏಕೆಂದರೆ ಸೆಟ್ಟು ಅಗ್ಗವಾಗುತ್ತ ಹೋಯಿತು. ಸಂತೆಯಲ್ಲಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ಅಂಗೈ ಗಾತ್ರದ ಎಫ್.ಎಂ. ರೇಡಿಯೊಗಳು ಬಂದವು, ಆಮೇಲೆ ಬಟನ್ ಮೊಬೈಲಿನೊಳಗೇ ಎಫ್.ಎಂ. ಸೇರಿಕೊಂಡಿತು. ಅದಕ್ಕಿಂತ ಮುಖ್ಯವಾಗಿ, ಹಾಸನ ಆರಂಭವಾಯಿತೆಂದು ಬೆಂಗಳೂರಿನ 612 ಅನ್ನು ಯಾರೂ ನಿಲ್ಲಿಸಲಿಲ್ಲ. ಬೇಕಾದವರು ಹೊಸದಕ್ಕೆ ಹೋದರು, ಬೇಡವಾದವರು ಹಳೆಯದರಲ್ಲೇ ಉಳಿದರು. ಇದಕ್ಕಿಂತ ಸಲೀಸಾದ ಪಲ್ಲಟ ಇರಲಾರದು.

ಎರಡು ಅಲೆಗಳ ಗುಣವೂ ಬೇರೆ. 612 ಕಿಲೊಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅದು ನೆಲವನ್ನು ತಬ್ಬಿಕೊಂಡು ಗುಡ್ಡ ಕಣಿವೆಗಳನ್ನು ಬಳಸಿ ಹಗಲಲ್ಲಿ ನೂರಾರು ಕಿಲೊಮೀಟರ್ ಸಾಗುತ್ತದೆ. ರಾತ್ರಿ ಆಕಾಶದ ಮೇಲುಪದರದಿಂದ ಪ್ರತಿಫಲಿಸಿ ಇನ್ನೂ ದೂರ ಹಾರುತ್ತದೆ. ನೆಲದ ಅಲೆಗೆ ಆಕಾಶದ ಅಲೆ ಅಡ್ಡ ಬಂದು ದನಿ ಏಳುತ್ತ ಬೀಳುತ್ತ ಇರುವುದು ಈ ಕಾರಣಕ್ಕೆ. ಎಫ್.ಎಂ. ಅಲೆಯ ಉದ್ದ ಮೂರೇ ಮೀಟರ್. ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುವುದರಿಂದ ಅದಕ್ಕೆ ಎತ್ತರದ ಕಂಬ ಬೇಕು, ಗುಡ್ಡ ಅಡ್ಡ ಬಂದರೆ ದನಿ ಕೆಡುತ್ತದೆ. ಬಯಲುಸೀಮೆಯ ಚನ್ನರಾಯಪಟ್ಟಣಕ್ಕೆ ಇದು ಅಷ್ಟು ತೊಡಕಲ್ಲ. ಸಕಲೇಶಪುರದ ಕಣಿವೆಗಳಿಗೆ ತೊಡಕೇ.

ಮೀಡಿಯಂ ವೇವ್‌ನ ದೋಷ ಎಲ್ಲರೂ ಬಲ್ಲದ್ದು. ಗುಡುಗಿದರೆ ಕರಕರ, ಪಂಪ್‌ಸೆಟ್ ಶುರುವಾದರೆ ಗೊರಗೊರ. ಈಗ ಎಲ್‌ಇಡಿ ದೀಪಗಳ ಗದ್ದಲ ಬೇರೆ. ವಿದ್ಯುತ್ತಿನ ಖರ್ಚೂ ವಿಪರೀತ. ದನಿಯನ್ನು ಪೂರ್ತಿ ತುಂಬಿ ಕಳಿಸಿದಾಗಲೂ ಶಕ್ತಿಯ ಮೂರರಲ್ಲಿ ಎರಡು ಪಾಲು ದನಿಯನ್ನು ಹೊರುವ ಖಾಲಿ ಅಲೆಗೇ ಹೋಗುತ್ತದೆ, ದನಿಗೆ ಸಿಗುವುದು ಒಂದೇ ಪಾಲು. ಭತ್ತ ಸಾಗಿಸುವ ಗಾಡಿಯೇ ಭತ್ತಕ್ಕಿಂತ ಎರಡು ಪಟ್ಟು ಭಾರವಿದ್ದಂತೆ. 200 ಕಿಲೊವಾಟ್ ಯಂತ್ರವೊಂದನ್ನು ವರ್ಷವಿಡೀ ಓಡಿಸುವವರಿಗೆ ಇದು ಸಣ್ಣ ಲೆಕ್ಕವಲ್ಲ.

ಡಿಜಿಟಲ್ ಪದ್ಧತಿಯಲ್ಲಿ ದನಿ ಅಂಕಿಗಳಾಗುತ್ತದೆ. ಆ ಅಂಕಿಗಳನ್ನು ಒತ್ತಿ ಚಿಕ್ಕದು ಮಾಡಿ, ದಾರಿಯಲ್ಲಿ ಕೆಲವು ಕಳೆದರೂ ಮತ್ತೆ ಕಟ್ಟಿಕೊಳ್ಳುವಂತೆ ಗುಣಿತ ಸೇರಿಸಿ, ನೂರಾರು ಪುಟ್ಟ ಅಲೆಗಳ ಮೇಲೆ ಹಂಚಿ ಕಳಿಸುತ್ತಾರೆ. ಮನೆಯ ಸೆಟ್ಟು ಅವನ್ನು ಕೂಡಿಸಿ ಮತ್ತೆ ದನಿ ಮಾಡುತ್ತದೆ. ಕರಕರ ಇಲ್ಲ, ವಿದ್ಯುತ್ ಉಳಿತಾಯ, ಒಂದೇ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ, ಜೊತೆಗೆ ಪರದೆಯ ಮೇಲೆ ಅಕ್ಷರ. ನೆರೆ, ಬಿರುಗಾಳಿಯ ಸಮಯದಲ್ಲಿ ಸೆಟ್ಟು ತಾನಾಗಿ ಎಚ್ಚರಿಕೆಯ ಪ್ರಸಾರಕ್ಕೆ ಹೊರಳುವ ವ್ಯವಸ್ಥೆಯೂ ಸಾಧ್ಯ. ದೋಷವೂ ಇದೆ. ಅಲೆ ಕ್ಷೀಣವಾದರೆ ಹಳೆಯ ರೇಡಿಯೊ ಗೊಣಗುತ್ತಲಾದರೂ ಮಾತಾಡುತ್ತದೆ, ಕೇಳುವ ಕಿವಿ ಬಿಟ್ಟುಹೋದ ಪದವನ್ನು ತುಂಬಿಕೊಳ್ಳುತ್ತದೆ. ಡಿಜಿಟಲ್ ಹಾಗಲ್ಲ, ಇದ್ದರೆ ಸ್ಪಷ್ಟ, ಇಲ್ಲದಿದ್ದರೆ ಪೂರ್ಣ ಮೌನ. ಲೆಕ್ಕ ಮಾಡುವ ಚಿಪ್ಪು ಬ್ಯಾಟರಿಯನ್ನೂ ಬೇಗ ತಿನ್ನುತ್ತದೆ.

ಭಾರತ ಇದಕ್ಕಾಗಿ ಆರಿಸಿಕೊಂಡದ್ದು 'ಡಿಜಿಟಲ್ ರೇಡಿಯೊ ಮೊಂಡಿಯಾಲ್' ಎಂಬ ಪದ್ಧತಿಯನ್ನು, ಚಿಕ್ಕದಾಗಿ ಡಿ.ಆರ್.ಎಂ. ದೆಹಲಿಯಲ್ಲಿ 2007ರಲ್ಲಿ ಪರೀಕ್ಷೆ ನಡೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಸುಮಾರು 35 ಮೀಡಿಯಂ ವೇವ್ ಕೇಂದ್ರಗಳಿಗೆ ಹೊಸ ಯಂತ್ರ ಬಂತು. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ ಎರಡೂ ಆ ಪಟ್ಟಿಯಲ್ಲಿದ್ದವು. ಜಗತ್ತಿನಲ್ಲಿ ಬೇರೆ ಯಾವ ದೇಶವೂ ಮೀಡಿಯಂ ವೇವ್ ಡಿಜಿಟಲ್‌ಗೆ ಇಷ್ಟು ದೊಡ್ಡ ಕೈ ಹಾಕಿರಲಿಲ್ಲ.

ಆದರೆ ಅಂಗಡಿಯಲ್ಲಿ ಸೆಟ್ಟು ಇರಲಿಲ್ಲ. ಇದ್ದ ಒಂದೆರಡಕ್ಕೆ ಹತ್ತು ಸಾವಿರ ದಾಟಿದ ಬೆಲೆ. ಆ ಹಣಕ್ಕೆ ಒಂದು ಒಳ್ಳೆಯ ಮೊಬೈಲೇ ಬರುವಾಗ ರೇಡಿಯೊ ಕೊಳ್ಳುವವರಾರು? ಕೇಳುಗರಿಲ್ಲವೆಂದು ತಯಾರಕರು ಮುಂದೆ ಬರಲಿಲ್ಲ; ಸೆಟ್ಟಿಲ್ಲವೆಂದು ಕೇಳುಗರು ಬರಲಿಲ್ಲ. ಡಿ.ಆರ್.ಎಂ. ನಿಜವಾಗಿ ಸೇರಿಕೊಂಡದ್ದು ಹೊಸ ಕಾರುಗಳಲ್ಲಿ. ಮಾರುತಿ, ಹ್ಯುಂಡೈ, ಮಹೀಂದ್ರ ಮುಂತಾದ ಕಂಪೆನಿಗಳ ಲಕ್ಷಾಂತರ ಕಾರುಗಳಲ್ಲಿ ಅದು ಇದೆ, ಎಷ್ಟೋ ಮಾಲೀಕರಿಗೇ ಅದರ ಸುಳಿವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕನ್ನು ಸೀಳಿಕೊಂಡು ಮಂಗಳೂರಿಗೆ ಹೋಗುವ ಹೆದ್ದಾರಿಯ ಕಾರಿನಲ್ಲಿ ಕೂತವರಿಗೆ ಡಿಜಿಟಲ್ ದನಿ ಸಿಗಬಹುದು; ರಸ್ತೆ ಬದಿಯ ತೋಟದ ಮನೆಗೆ ಸಿಗದು. ಕೃಷಿರಂಗ ಯಾರಿಗಾಗಿ ಎಂಬುದನ್ನು ನೆನೆದರೆ ಇದು ವಿಚಿತ್ರವೇ.

ಹೊರಗಿನ ದೇಶಗಳ ಅನುಭವವೂ ಒಂದೇ ತೆರನಲ್ಲ. ಬ್ರಿಟನ್ನಿನ ಬಿ.ಬಿ.ಸಿ. 1995ರಲ್ಲೇ ಡಿಜಿಟಲ್ ಪ್ರಸಾರ ಆರಂಭಿಸಿತು. ಮೂವತ್ತು ವರ್ಷವಾದರೂ ಅಲ್ಲಿ ಎಫ್.ಎಂ. ನಿಂತಿಲ್ಲ. ನಾರ್ವೆ 2017ರಲ್ಲಿ ಉತ್ತರದ ಒಂದು ಪ್ರಾಂತದಿಂದ ಆರಂಭಿಸಿ, ವರ್ಷಾಂತ್ಯಕ್ಕೆ ರಾಷ್ಟ್ರೀಯ ವಾಹಿನಿಗಳ ಎಫ್.ಎಂ. ನಿಲ್ಲಿಸಿತು. ಸಣ್ಣ ಸ್ಥಳೀಯ ಕೇಂದ್ರಗಳಿಗೆ ಮಾತ್ರ ಎಫ್.ಎಂ. ಉಳಿಸಿತು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಬಾನುಲಿ 2024ರ ಕೊನೆಯ ದಿನ ಎಫ್.ಎಂ. ಆರಿಸಿ, ಕೇಳುಗರನ್ನು ಕಳೆದುಕೊಂಡು, ಮತ್ತೆ ಎಫ್.ಎಂ.ಗೆ ಮರಳುವ ಮಾತಾಡಬೇಕಾಯಿತು. ಶ್ರೀಮಂತ ದೇಶದ ಕೇಳುಗರೂ ಹೇಳಿದ ಕೂಡಲೇ ಸೆಟ್ಟು ಬದಲಿಸುವುದಿಲ್ಲ.

ನಮ್ಮಲ್ಲಿ ಸರ್ಕಾರದ ಹಣ ಎರಡು ದಿಕ್ಕಿಗೆ ಹರಿಯಿತು. ಡಿಜಿಟಲ್ ಮೀಡಿಯಂ ವೇವ್ ಯಂತ್ರಗಳು ನಿಂತ ಮೇಲೆ, ಗಮನ ಮತ್ತೆ ಅನಲಾಗ್ ಎಫ್.ಎಂ. ಕಡೆಗೆ ತಿರುಗಿತು. 2023ರ ಏಪ್ರಿಲಿನಲ್ಲಿ ಒಂದೇ ದಿನ 91 ಕಡೆ ಸಣ್ಣ ಎಫ್.ಎಂ. ಪ್ರಸಾರ ಯಂತ್ರಗಳು ಉದ್ಘಾಟನೆಗೊಂಡವು. ಅದೇ ತಿಂಗಳು ಮೊಬೈಲ್ ತಯಾರಕರಿಗೆ ಎಫ್.ಎಂ. ಸೌಲಭ್ಯ ತೆಗೆಯಬೇಡಿ ಎಂದು ಸೂಚನೆ ಹೋಯಿತು. ಹಲವೆಡೆ ಹಳೆಯ ಸಣ್ಣ ಮೀಡಿಯಂ ವೇವ್ ಯಂತ್ರಗಳು ಸದ್ದಿಲ್ಲದೆ ನಿಂತವು. ಒಟ್ಟಿನಲ್ಲಿ ಅನಲಾಗಿನಿಂದ ಡಿಜಿಟಲ್‌ಗೆ ಎಂದು ಹೊರಟ ಬಂಡಿ ಬಹುತೇಕ ಕೇಳುಗರನ್ನು ಇಳಿಸಿದ್ದು ಎಫ್.ಎಂ. ನಿಲ್ದಾಣದಲ್ಲಿ. ಅದು ತಪ್ಪೆಂದು ಹೇಳಲಾಗದು. ಜನರ ಕೈಯಲ್ಲಿರುವ ಸೆಟ್ಟಿಗೆ ದನಿ ಮುಟ್ಟಿಸುವುದು ಬಾನುಲಿಯ ಮೊದಲ ಕೆಲಸ. ಆದರೆ ಕೋಟಿಗಟ್ಟಲೆ ವೆಚ್ಚದ ಡಿಜಿಟಲ್ ಯಂತ್ರಗಳನ್ನು ಕೊಳ್ಳುವಾಗ ಐನೂರು ರೂಪಾಯಿಗೆ ಸಿಗುವ ಸೆಟ್ಟಿನ ಬಗ್ಗೆಯೂ ಯಾರಾದರೂ ಯೋಚಿಸಬೇಕಿತ್ತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಖಾಸಗಿ ಕೇಂದ್ರಗಳ ಡಿಜಿಟಲ್ ನೀತಿಗಾಗಿ 2024ರಲ್ಲಿ ಅಭಿಪ್ರಾಯ ಕೇಳಿ, 2025ರ ಅಕ್ಟೋಬರಿನಲ್ಲಿ ಶಿಫಾರಸು ನೀಡಿತು. ಹಳೆಯದೂ ಹೊಸದೂ ಒಟ್ಟಿಗೆ ಪ್ರಸಾರವಾಗಲಿ, ಇಡೀ ದೇಶಕ್ಕೆ ಒಂದೇ ಪದ್ಧತಿ ಇರಲಿ, ಅನಲಾಗ್ ನಿಲ್ಲಿಸುವ ದಿನವನ್ನು ಮುಂದೆ ನೋಡೋಣ ಎಂಬುದು ಅದರ ಸಾರ. ಆರಂಭಕ್ಕೆ 13 ಮಹಾನಗರಗಳು. ಆ ಪಟ್ಟಿಯಲ್ಲಿ ಬೆಂಗಳೂರು ಇದೆ. ಹಾಸನದ ಸರದಿ ಇನ್ನೂ ಬಂದಿಲ್ಲ.