ಗಾಯ ಚಿಕ್ಕದಾದರೆ ಚೇತರಿಕೆ ಬೇಗವೇ? ಹೃದಯ ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರ

ಕೋಲ್ಕತ್ತದ ಖಿದಿರ್‌ಪುರದ ಹಡಗುಧಕ್ಕೆ 1892ರದ್ದು. ಮೂಟೆ ಹೊತ್ತು ಬದುಕಿದವರ ಪ್ರದೇಶ. ನೆರೆಯ ಅಲಿಪುರದಲ್ಲೇ ಬಿ.ಎಂ. ಬಿರ್ಲಾ ಹೃದಯ ಸಂಶೋಧನಾ ಕೇಂದ್ರವಿದೆ. ಮೈಮುರಿದು ದುಡಿಯುವವನಿಗೆ ಚಿಕ್ಕ ಗಾಯದ ಶಸ್ತ್ರಚಿಕಿತ್ಸೆಯಿಂದ ನಿಜಕ್ಕೂ ಎಷ್ಟು ಲಾಭ ಎಂಬ ಪ್ರಶ್ನೆಯನ್ನು ಖಿದಿರ್‌ಪುರದಂಥ ಪ್ರದೇಶವನ್ನು ಕಣ್ಣಮುಂದಿಟ್ಟುಕೊಂಡೇ ಕೇಳಬೇಕು.

ವಾಡಿಕೆಯ ವಿಧಾನದಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಗೆ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಅದು ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಚಿಕ್ಕ ಗಾಯದ ವಿಧಾನದಲ್ಲಿ, ಉದಾಹರಣೆಗೆ ಹೃದಯದ ಮೈಟ್ರಲ್ ಕವಾಟದ ದುರಸ್ತಿಗೆ, ಬಲಗಡೆ ಪಕ್ಕೆಲುಬುಗಳ ನಡುವೆ ಕೆಲವೇ ಸೆಂಟಿಮೀಟರ್ ಕೊಯ್ದರೆ ಸಾಕು. ಮೂಳೆ ಉಳಿಯುತ್ತದೆ, ನೋವು ಉಳಿಯುವುದಿಲ್ಲ ಎಂದಲ್ಲ: ಪಕ್ಕೆಲುಬಿನ ನರ ಕೆರಳಿದರೆ ಆಳವಾಗಿ ಉಸಿರೆಳೆಯುವುದೇ ಕಷ್ಟ. ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳನ್ನು ಸಾಮಾನ್ಯವಾಗಿ ತೊಡೆಸಂದಿಯಿಂದ ಹಾಕುವುದರಿಂದ ಅಲ್ಲೂ ಒಂದು ಗಾಯ. ಜಾಹೀರಾತಿನಲ್ಲಿ ಈ ಗಾಯ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ 330 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ 'ಯುಕೆ ಮಿನಿ ಮೈಟ್ರಲ್' ಅಧ್ಯಯನ ಇಲ್ಲಿ ಮುಖ್ಯ. ಚಿಕ್ಕ ಗಾಯದವರಲ್ಲಿ 33.1% ಮಂದಿ ನಾಲ್ಕು ದಿನದೊಳಗೆ ಮನೆ ಸೇರಿದರು. ಎದೆಮೂಳೆ ಸೀಳಿದವರಲ್ಲಿ 15.3%. ಆದರೆ ಹನ್ನೆರಡನೇ ವಾರದಲ್ಲಿ ದೈಹಿಕ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಅಂದರೆ ಗಳಿಕೆಯಿರುವುದು ಆರಂಭದ ದಿನಗಳಲ್ಲಿ. ಆ ದಿನಗಳಲ್ಲೇ ಚೇತರಿಕೆಯ ವ್ಯಾಯಾಮ ಸಡಿಲವಾದರೆ ಬೇಗ ಸಿಕ್ಕ ಡಿಸ್ಚಾರ್ಜಿನಿಂದ ಏನು ಬಂತು?

ರೋಗಿಯನ್ನು ಬೇಗ ಹಾಸಿಗೆಯಿಂದ ಎಬ್ಬಿಸುವ ವಿಚಾರ ಹೊಸತಲ್ಲ. 1952ರಲ್ಲೇ ವೈದ್ಯರಾದ ಲೆವಿನ್ ಮತ್ತು ಲೌನ್ ಹೃದಯಾಘಾತದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಇಂದು ತೊಡಕಿಲ್ಲದವರು ಮರುದಿನವೇ ಕೂರುತ್ತಾರೆ, ಬಳಿಕ ಕಾರಿಡಾರಿನಲ್ಲಿ ನಡೆಯುತ್ತಾರೆ, ಮನೆಗೆ ಹೊರಡುವ ಮುನ್ನ ಮೆಟ್ಟಿಲು ಹತ್ತುತ್ತಾರೆ. ದಿಂಬನ್ನು ಎದೆಗೊತ್ತಿ ಕೆಮ್ಮುವುದನ್ನೂ ಫಿಸಿಯೊಥೆರಪಿಸ್ಟ್ ಕಲಿಸುತ್ತಾರೆ. ಎದೆಮೂಳೆ ಸೀಳಿದವರಿಗೆ ವಿಧಿಸುವ 'ಭಾರ ಎತ್ತಬೇಡಿ, ಕೈ ಚಾಚಬೇಡಿ' ಎಂಬ ಕಟ್ಟುನಿಟ್ಟಿನ ನಿಷೇಧಗಳಿಗೆ ಆಧಾರ ದುರ್ಬಲ. ಮೊಣಕೈಯನ್ನು ಮೈಗೆ ಹತ್ತಿರವಿಟ್ಟು ನೋವಿನ ಮಿತಿಯೊಳಗೆ ಕೈಯಾಡಿಸಲು ಬಿಡುವ ಕ್ರಮ ಈಗ ಬಳಕೆಗೆ ಬರುತ್ತಿದೆ.

ಕೂರುವ, ನಡೆಯುವ, ಮೆಟ್ಟಿಲು ಹತ್ತುವ ಈ ಪಟ್ಟಿಯೆಲ್ಲ ಕುರ್ಚಿ-ಕಮೋಡಿನ ಮನೆಗಳನ್ನು ನೆನೆದು ಮಾಡಿದ್ದು. ಖಿದಿರ್‌ಪುರದ ಹಳೆಯ ಓಣಿಗಳ ಮನೆಗೆ ಮರಳುವವನು ಕಡಿದಾದ ಮೆಟ್ಟಿಲು ಹತ್ತಬೇಕು, ನೆಲದಲ್ಲಿ ಕೂತು ಉಣ್ಣಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು, ನಮಾಜಿಗೆ ಬಾಗಿ ಏಳಬೇಕು. ನೆಲದಿಂದೇಳುವಾಗ ಅಂಗೈ ಊರಿದರೆ ಸೀಳಿದ ಮೂಳೆಗೆ ಸೆಳೆತ, ಕುಕ್ಕರಿಸಿದರೆ ತೊಡೆಸಂದಿಯ ಗಾಯಕ್ಕೆ ಒತ್ತಡ. ಎರಡು ವಿಧಾನಗಳ ನಿಜವಾದ ಹೋಲಿಕೆ ನಡೆಯಬೇಕಾದದ್ದು ಇಲ್ಲಿ. ಚೇತರಿಕೆ ಅಳೆಯುವ ಆರು ನಿಮಿಷದ ನಡಿಗೆ ಪರೀಕ್ಷೆಗೆ ಇದು ದಕ್ಕುವುದಿಲ್ಲ. ನಮ್ಮ ಆಸ್ಪತ್ರೆಗಳು, ಕೋಲ್ಕತ್ತದವಾಗಲಿ ಬೆಂಗಳೂರಿನವಾಗಲಿ, ನೆಲದಿಂದ ಏಳುವ ಪರೀಕ್ಷೆಯನ್ನು ಡಿಸ್ಚಾರ್ಜಿಗೆ ಮುನ್ನ ವಾರ್ಡಿನಲ್ಲೇ ಮಾಡಿಸಿ, ಫಲಿತಾಂಶವನ್ನು ಚೀಟಿಯಲ್ಲಿ ದಾಖಲಿಸಬೇಕು.